ಮುಚ್ಚಿದ ಊರಿನ ದ್ರಾಕ್ಷಿ

5 ಸೆಪ್ಟೆಂಬರ್ 2025, ಶುಕ್ರವಾರ

ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದು ಬಂಗುಡೆ ತೊಳೆದಾಯಿತು. ಅಪ್ಪ-ಮಗಳು ಇನ್ನೂ ಬಂದಿಲ್ಲ. ಇಬ್ಬರೂ ನಿನ್ನೆ ಸಂಜೆಯ ಪೂಜೆಗೆ ಮುಖ ತೋರಿಸಿ ಬಂದಿದ್ದಾರೆ, ಇವತ್ತು ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿದ್ದಾರೆ. ನಾವಿರುವ ಫಿಂಟಾಸ್‌ನಿಂದ ಸಮುದ್ರದ ಪಕ್ಕದಲ್ಲೇ ಹೋಗಿ, ಮೀನಾ ಅಲ್ ಅಹ್ಮದಿ ರಿಫೈನರಿಯ ಬೇಲಿ ಕಂಡ ಕೂಡಲೇ ವಾಪಸ್. ಅರಬರ ದೇಶ, ಬೇಲಿಯ ಹತ್ತಿರ ನಿಲ್ಲಬೇಡಿ, ಫೋಟೋ ತೆಗೆಯಬೇಡಿ ಎಂದು ಪ್ರತಿ ಸಲ ಹೇಳುತ್ತೇನೆ. ಕ್ಲೆಮೆಂಟ್ "ಗೊತ್ತುಂಟು ಮಾರಾಯ್ತಿ" ಅನ್ನುತ್ತಾನೆ. ಮೆಲಿಶಾ ಕಣ್ಣು ಮೇಲೆ ಮಾಡುತ್ತಾಳೆ.

ಫೋನ್ ನೋಡಿದೆ. 5.8. ಸಮಾಧಾನ.

ಮಗಳ ತೋಳಿನಲ್ಲಿ ಸೆನ್ಸರ್ ಇದೆ. ರಕ್ತದ ಸಕ್ಕರೆಯನ್ನು ಅದು ಅವಳ ಫೋನಿಗೆ ಹೇಳುತ್ತದೆ, ಅವಳ ಫೋನು ನನ್ನ ಫೋನಿಗೆ. ನಾಲ್ಕರ ಕೆಳಗೆ, ಊರಿನ ಲೆಕ್ಕದಲ್ಲಿ ಎಪ್ಪತ್ತರ ಕೆಳಗೆ, ಹೋದರೆ ನನ್ನದು ಕೂಗಿಕೊಳ್ಳುತ್ತದೆ. ಹನ್ನೊಂದನೇ ವಯಸ್ಸಿನಲ್ಲಿ ಬಂದದ್ದು, ಟೈಪ್ ಒನ್. ಊಟಕ್ಕೊಂದು ಇನ್ಸುಲಿನ್, ಮಲಗುವಾಗ ಮತ್ತೊಂದು. ಈಗ ಇಪ್ಪತ್ಮೂರು, ಶರ್ಕ್‌ನಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಸ್ವಂತ ಕಾರು. ಆದರೂ ಅವಳ ನಂಬರ್ ನೋಡದೆ ನನಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಸಕ್ಕರೆ ಜಾಸ್ತಿಯಾದರೆ ನಾಳೆ ನೋಡಿಕೊಳ್ಳಬಹುದು. ಕಡಿಮೆಯಾದರೆ ನಾಳೆ ಇರುವುದಿಲ್ಲ. ಇದನ್ನು ಅವಳ ಮುಂದೆ ಯಾವತ್ತೂ ಹೇಳಿಲ್ಲ. ಇಲ್ಲಿ ಬರೆಯಬಹುದು, ಅವಳಿಗೆ ಕನ್ನಡ ಅಕ್ಷರ ಬಾರದು.

ಅಪ್ಪ-ಮಗಳ ಫ್ರಾನ್ಸ್ ಪ್ರವಾಸ ಗಟ್ಟಿಯಾಯಿತು. ವೀಸಾ ಬಂತು. ಲೋಟ್ ಅಂತ ಒಂದು ನದಿಯಂತೆ. ಅದರ ದಡ ಹಿಡಿದೇ ಸೈಕಲ್ ದಾರಿ, ಎರಡೂ ಕಡೆ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿತೋಟ. "ನೀರು ಕುಡಿಯುವ ಲೋಟವಾ?" ಎಂದೆ. ಯಾರೂ ನಗಲಿಲ್ಲ. ನನಗೆ ರಜೆಯಿಲ್ಲ. ಬೇಸಗೆ ರಜೆ ಮುಗಿದು ಶಾಲೆ ಈಗಷ್ಟೇ ತೆರೆದಿದೆ, ಕೆಜಿ ಮಕ್ಕಳು ಇನ್ನೂ ಅಮ್ಮನ ಸೆರಗು ಬಿಟ್ಟಿಲ್ಲ. ಸೈಕಲ್ಲೂ ಬರುವುದಿಲ್ಲ ಬಿಡಿ.

ಎರಡು ಷರತ್ತು ಹಾಕಿದೆ. ಶೇರಿಂಗ್ ಆಫ್ ಮಾಡುವ ಹಾಗಿಲ್ಲ. ಅಪ್ಪ ಅವಳನ್ನು ಬಿಟ್ಟು ಒಂದು ಮಾರು ದೂರ ಹೋಗುವ ಹಾಗಿಲ್ಲ. ಮೆಲಿಶಾ ಜಗಳವಾಡದೆ "ಓಕೆ ಮಮ್ಮಾ" ಅಂದಳು. ಅದೇ ನನಗೆ ಹೆದರಿಕೆ. ಜಗಳವಾಡದಷ್ಟು ಆಸೆ ಅದರ ಮೇಲೆ.

ಬಂದರು. ಬೆವರಿನ ಮುದ್ದೆ ಇಬ್ಬರೂ.

13 ಸೆಪ್ಟೆಂಬರ್, ಶನಿವಾರ

ಪ್ಯಾಕಿಂಗ್. ಮನೆಯ ಹಾಲ್ ಮೀನು ಮಾರ್ಕೆಟ್ ಆಗಿದೆ.

ದೊಡ್ಡ ಬ್ಯಾಗುಗಳನ್ನು ದಿನಾ ಒಂದು ವ್ಯಾನ್ ಮುಂದಿನ ಹೋಟೆಲಿಗೆ ಒಯ್ಯುತ್ತದಂತೆ. ಸೈಕಲ್ಲಿನಲ್ಲಿ ಚಿಕ್ಕ ಬ್ಯಾಗು ಮಾತ್ರ. ಪ್ರಜ್ಞೆ ತಪ್ಪಿದರೆ ಚುಚ್ಚುವ ಇಂಜೆಕ್ಷನ್ ಕ್ಲೆಮೆಂಟಿನ ಬ್ಯಾಗಲ್ಲಿ. ಚುಚ್ಚುವವನು ಅವನಲ್ಲವೇ. ಸಕ್ಕರೆ ಇಳಿದರೆ ಕುಡಿಯಲೆಂದು ನಾನು ಜ್ಯೂಸ್ ಪ್ಯಾಕೆಟ್ ತುಂಬಿದೆ, ಅವನು ಅರ್ಧ ಹೊರಗೆ ತೆಗೆದ.

"ಎಷ್ಟು ಅಂತ ಹೊರುವುದು ಜೂಲಿ? ದಾರಿಯುದ್ದಕ್ಕೂ ಊರು ಉಂಟು, ಅಂಗಡಿ ಉಂಟು. ಫ್ರಾನ್ಸ್ ಮಾರಾಯ್ತಿ, ಮರುಭೂಮಿ ಅಲ್ಲ."

ಅದೂ ಹೌದೆನ್ನಿಸಿತು. ಮರುಭೂಮಿಯಲ್ಲೇ ನಮಗೆ ಯಾವತ್ತು ಏನು ಕಡಿಮೆಯಾಗಿದೆ? ಬಿಲ್ಡಿಂಗಿನ ಕೆಳಗೆ ಇಬ್ರಾಹಿಂ ಖಲೀಲನ ಬಕಾಲಾ. ಒಂದು ಕೊತ್ತಂಬರಿ ಕಟ್ಟಿಗೆ ಫೋನ್ ಮಾಡಿದರೂ ತಾನೇ ಮೇಲೆ ಹತ್ತಿ ಬಂದು ಕೊಡುತ್ತಾನೆ, ಮಧ್ಯರಾತ್ರಿಯಾದರೂ ಸರಿ, ರಂಜಾನ್ ಆದರೂ ಸರಿ. ಆ ದಿನಸಿ ಅಂಗಡಿ ಮುಚ್ಚಿದ್ದನ್ನು ನೋಡಿದ್ದು ಕೋವಿಡ್ ಕರ್ಫ್ಯೂನಲ್ಲಿ ಮಾತ್ರ.

ಊಟದ ಹೊತ್ತಿಗೆ ಮೆಲಿಶಾಳನ್ನು ಕೂರಿಸಿ ಪಾಠ ಹೇಳಿದೆ. ಪರರ ಊರು. ಯಾರ ಕಾಂಪೌಂಡಿಗೂ ಕಾಲಿಡಬೇಡ. ಯಾರ ವಸ್ತುವನ್ನೂ ಮುಟ್ಟಬೇಡ. ಯಾರ ಜೊತೆಯೂ ವಾದ ಬೇಡ. ಬೋರ್ಡ್ ಕಂಡರೆ ಮೊದಲು ಓದು. ಒಂದು ಕೇಸ್ ಬಿದ್ದರೆ ಖಲಾಸ್ — ಅಪ್ಪನ ಕೆಲಸ, ಇಲ್ಲಿರುವ ಪರವಾನಗಿ ಇಕಾಮಾ, ಎಲ್ಲ. ಅವಳು ನನ್ನ ಜೊತೆಗೇ ತುಟಿ ಅಲ್ಲಾಡಿಸುತ್ತಿದ್ದಳು. ಬಾಯಿಪಾಠ. ಅಂಗನವಾಡಿಯ ವಯಸ್ಸಿನಿಂದ ಕೇಳಿದ್ದಲ್ಲವೇ. ರಸ್ತೆ ಬದಿಯ ಖರ್ಜೂರದ ಮರದಡಿ ಬಿದ್ದ ಹಣ್ಣನ್ನೂ ಮುಟ್ಟದ ಮಗು ಅದು. ನನಗೆ ಅದರ ಹೆಮ್ಮೆ.

ಅವಳು ಎದ್ದು ಹೋದ ಮೇಲೆ ಎರಡು ಜ್ಯೂಸ್ ವಾಪಸ್ ತುರುಕಿದೆ.

16 ಸೆಪ್ಟೆಂಬರ್, ಮಂಗಳವಾರ

ಹೋದರು.

ಏರ್‌ಪೋರ್ಟಿನಲ್ಲಿ ಗಾಜಿನ ಆಚೆಯಿಂದ ಕೈ ಬೀಸಿದಳು. 7.1. ವಿಮಾನ ಏರುವ ಹೊತ್ತಿಗೆ 6.9. ಆಮೇಲೆ ನಂಬರ್ ಜಾಗದಲ್ಲಿ ಬರೀ ಗೆರೆ. ಫೋನಿಗೆ ನೆಟ್‌ವರ್ಕ್ ಇಲ್ಲದಿದ್ದರೆ ಹಾಗೆ, ಗೊತ್ತು. ಗೊತ್ತಿದ್ದೂ ಟ್ಯಾಕ್ಸಿಯಲ್ಲಿ ಬರುವಾಗ ಹತ್ತು ಸಲ ನೋಡಿದೆ. ಡ್ರೈವರ್ "ಮೇಡಂ, ಸಬ್ ಠೀಕ್?" ಎಂದು ಕೇಳಿದ.

18 ಸೆಪ್ಟೆಂಬರ್, ಗುರುವಾರ

ಮೊದಲ ದಿನದ ಸವಾರಿ ಮುಗಿಯಿತಂತೆ. ಫೋಟೋ ಬಂತು. ನದಿ ನಮ್ಮ ಊರಿನ ಹೊಳೆಯಷ್ಟೇ, ಆದರೆ ಹಸಿರು ನೀರು, ಅಲುಗಾಡದ್ದು. ಕಲ್ಲಿನ ಸೇತುವೆ. ಮೆಲಿಶಾ ಹೆಲ್ಮೆಟ್ಟಿನಲ್ಲಿ ನಗುತ್ತಿದ್ದಾಳೆ. ನಾನು ಮೊದಲು ನೋಡಿದ್ದು ಅವಳ ತೋಳು. ಸೆನ್ಸರ್ ಇದೆ.

ಇವತ್ತಿಡೀ 5, 6, 5. ನನ್ನ ಕೆಜಿ ಮಕ್ಕಳಿಗೆ ನಂಬರ್ ಕಲಿಸುವಾಗ ಐದನ್ನೇ ದೊಡ್ಡದಾಗಿ ಬರೆದೆ.

19 ಸೆಪ್ಟೆಂಬರ್, ಶುಕ್ರವಾರ

ಚರ್ಚಿನಲ್ಲಿ ಒಬ್ಬಳೇ ಕೂತಿದ್ದೆ. ಫೋನ್ ಸೈಲೆಂಟ್ ಮಾಡಿ ಜಪದ ಪುಸ್ತಕದೊಳಗಿಟ್ಟು, ನಂಬರ್ ನೋಡುತ್ತ ಪ್ರಾರ್ಥಿಸಿದೆ. ದೇವರಿಗೆ ಬೇಸರವಾದರೆ ಆಗಲಿ.

ಮಧ್ಯಾಹ್ನ ಕ್ಲೆಮೆಂಟ್ ಫೋನ್ ಮಾಡಿದ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆ ಊರಿನ ಚರ್ಚಿಗೆ ಹೋದನಂತೆ. ಬಾಗಿಲಿಗೆ ಬೀಗ.

"ಶುಕ್ರವಾರ ಚರ್ಚಿಗೆ ಬೀಗ ಜೂಲಿ! ಒಂದು ನರಪಿಳ್ಳೆ ಇಲ್ಲ. ಈ ಫ್ರಾನ್ಸಿನವರಿಗೆ ದೇವರೇ ಇಲ್ಲ ಕಾಣ್ತದೆ."

ಇಬ್ಬರೂ ಫ್ರಾನ್ಸಿನವರನ್ನು ಚೆನ್ನಾಗಿ ಬೈದೆವು. ಹಿಂದೆ ಮೆಲಿಶಾ ನಗುವುದು ಕೇಳಿಸಿತು. ಯಾಕೆ ನಕ್ಕಳೋ, ಕೇಳಲಿಲ್ಲ.

20 ಸೆಪ್ಟೆಂಬರ್, ಶನಿವಾರ

ಗುಡ್ಡ ಶುರುವಾಗಿದೆ. ಹನ್ನೊಂದು ಗಂಟೆಗೆ ಫೋನ್ ಕೂಗಿತು. 3.8. ಕೈಯಲ್ಲಿದ್ದ ಸೌಟು ಬಿತ್ತು. ಕರೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಕ್ಲೆಮೆಂಟಿಗೆ ಮಾಡಿದೆ. ಮತ್ತೆ ಅವಳಿಗೆ.

"ಮಮ್ಮಾ, ಐ ಹ್ಯಾಡ್ ಜ್ಯೂಸ್ ಆಲ್ರೆಡಿ. ಐಯಾಮ್ ಫೈನ್. ನಿನ್ನ ಫೋನ್ ಎತ್ತಲಿಕ್ಕೆ ಸೈಕಲ್ ನಿಲ್ಲಿಸ್ಬೇಕು."

"ನಿಲ್ಲಿಸು. ನಿಲ್ಲಿಸಿದರೆ ಎಂತ ಆಗ್ತದೆ?"

ಕ್ಲೆಮೆಂಟ್ ಫೋನ್ ತೆಗೆದುಕೊಂಡು "ನಾನಿದ್ದೇನಲ್ಲ" ಅಂದ. ಅವನಿದ್ದಾನೆ. ಅದು ನಿಜ. ಆದರೂ ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಎಸೆದೆ.

21 ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ

ಶಾಲೆಗೆ ಹೊರಟೆ. ವಾರದ ಮೊದಲ ದಿನ, ಮಧ್ಯಾಹ್ನ ಸ್ಟಾಫ್ ಮೀಟಿಂಗ್ ಬೇರೆ. 6.3. ಇನ್ನೂ ಮಲಗಿದ್ದಾಳೆ. ಅಲ್ಲಿ ಒಂದು ಗಂಟೆ ಹಿಂದೆ.

ಅದೇ ದಿನ, ಮಧ್ಯಾಹ್ನ. ಸ್ಟಾಫ್ ರೂಮ್

ಕೈಗೆ ಸಿಕ್ಕ ವರ್ಕ್‌ಶೀಟಿನ ಹಿಂದೆ ಬರೆಯುತ್ತಿದ್ದೇನೆ. ಆ ಕಡೆ ಮಕ್ಕಳು ಬಣ್ಣ ಹಚ್ಚಬೇಕಾದ ಆನೆ. ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಕಿರುಚುತ್ತೇನೆ. ಒಮ್ಮೆ ಕಿರುಚಿಯೂ ಆಯಿತು.

ಮೆಲಿಶಾಳ ನಂಬರ್ ಇಲ್ಲ. ಗೆರೆ ಮಾತ್ರ.

ಮೊದಲಿನಿಂದ ಬರೆಯುತ್ತೇನೆ. ಮೀಟಿಂಗ್ ನಡೆಯುತ್ತಿತ್ತು. ಫೋನ್ ಲಾಕರಿನಲ್ಲಿ, ಶಾಲೆಯ ನಿಯಮ ಅದು. ಲಾಕರಿನ ಒಳಗಿಂದ ಕೂಗು ಕೇಳಿತು. ನನ್ನದೇ. ಎಲ್ಲರೂ ತಿರುಗಿ ನೋಡಿದರು. ಪ್ರಿನ್ಸಿಪಾಲ್ ಮೇಡಂ ಮಾತು ನಿಲ್ಲಿಸಿ ನನ್ನನ್ನು ನೋಡಿ, ಮತ್ತೆ ಮುಂದುವರಿಸಿದರು. ನಾನು ಏಳಲಿಲ್ಲ. ಮೇಡಂ ಮಾತು ಮುಗಿಯಲಿ ಎಂದು ಕಾದೆ. ನಿನ್ನೆಯ ಹಾಗೆ ಜ್ಯೂಸ್ ಕುಡಿದಿರುತ್ತಾಳೆ, ಅಪ್ಪ ಪಕ್ಕದಲ್ಲಿದ್ದಾನೆ ಎಂದುಕೊಂಡೆ. ಪರೀಕ್ಷೆಯ ವಿಷಯ, ಬಸ್ಸಿನ ವಿಷಯ, ಯೂನಿಫಾರ್ಮಿನ ವಿಷಯ. ಮತ್ತೆ ಕೂಗಿತು. ಆಗ ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು.

3.1. ಬಾಣ ನೇರ ಕೆಳಕ್ಕೆ.

ಕ್ಲೆಮೆಂಟಿಗೆ ಮಾಡಿದೆ. ಇಂಜೆಕ್ಷನ್ ಅವನ ಹತ್ತಿರ.

"ಪಂಕ್ಚರ್ ಮಾರಾಯ್ತಿ. ಟ್ಯೂಬ್ ಹಾಕ್ತಾ ಇದ್ದೇನೆ."

"ಮೆಲಿಶಾ ಎಲ್ಲಿ?"

"ಮುಂದಿನ ಊರಿಗೆ ಹೋದಳು. ಬೆಳಿಗ್ಗೆ ನೀನು ಕ್ಲಾಸಲ್ಲಿದ್ದಾಗ ಎರಡು ಸಲ ಲೋ ಆಯ್ತು, ಜ್ಯೂಸ್ ಖಾಲಿ. ಬಕಾಲಾದಲ್ಲಿ ಜ್ಯೂಸ್ ತಗೊಂಡು ಅಲ್ಲೇ ಕೂತ್ಕೊ ಅಂತ ಕಳಿಸಿದೆ. ಇಲ್ಲೇ, ಚರ್ಚಿನ ಗೋಪುರ ಕಾಣ್ತಾ ಉಂಟು."

"ಒಬ್ಬಳನ್ನೇ ಕಳಿಸಿದೆಯಾ?"

"ಅಂಗಡಿ ಉಂಟಲ್ಲ ಜೂಲಿ..."

ಶೆರಿಲ್ ಪಕ್ಕಕ್ಕೆ ಬಂದಿದ್ದಳು. ಅವಳೂ ಮಂಗಳೂರಿನವಳು, ಎಲ್‌ಕೆಜಿ ಟೀಚರ್. ಅವಳ ಅಕ್ಕ ಯುರೋಪಿನಲ್ಲಿದ್ದಾಳೆ. ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು.

"ಟೀಚರ್, ಇವತ್ತು ಸಂಡೇ. ಅಲ್ಲಿ ಸಂಡೇ ಮಧ್ಯಾಹ್ನ ಹಳ್ಳಿಯಲ್ಲಿ ಎಲ್ಲ ಬಂದ್ ಇರ್ತದೆ. ಒಂದು ಅಂಗಡಿಯೂ ಇರುವುದಿಲ್ಲ."

ಭಾನುವಾರ. ನಾವು ಪಾಠ ಮಾಡಿ, ಬಸ್ ಹತ್ತಿಸಿ, ಮೀಟಿಂಗಿಗೆ ಕೂತ ದಿನ. ಇಲ್ಲಿ ರಜೆ, ಬಲಿಪೂಜೆ ಎಲ್ಲ ಶುಕ್ರವಾರ, ಇಪ್ಪತ್ತಾರು ವರ್ಷದಿಂದ ನಮಗೆ ಶುಕ್ರವಾರವೇ ಭಾನುವಾರ. ನಾನು ಮರೆತೆ, ಅವನು ಮರೆತ, ಮೊನ್ನೆ ಚರ್ಚಿನ ಬೀಗದ ಮಾತಿಗೆ ನಕ್ಕವಳೂ ಮರೆತಳು. ಕ್ರಿಸ್ತನ ಮಕ್ಕಳು ಮೂವರೂ ಭಾನುವಾರವನ್ನು ಮರೆತೆವು.

"ಎಲ್ಲ ಬಿಟ್ಟು ಓಡು" ಎಂದೆ ಕ್ಲೆಮೆಂಟಿಗೆ. "ಒನ್ ಒನ್ ಟೂಗೆ ಫೋನ್ ಮಾಡು, ಓಡು!"

"ಅದು ಪೊಲೀಸಿನದ್ದು ಅಲ್ವಾ? ಪಾಸ್‌ಪೋರ್ಟ್ ದೊಡ್ಡ ಬ್ಯಾಗಲ್ಲಿ ಹೋಯ್ತು ಜೂಲಿ. ನನ್ನ ಹತ್ತಿರ ಸಿವಿಲ್ ಐಡಿ ಮಾತ್ರ..."

ಕಟ್ ಮಾಡಿದೆ. ಮೆಲಿಶಾಳಿಗೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಮಮ್ಮಾ... ಶಾಪ್ ಈಸ್ ಕ್ಲೋಸ್ಡ್."

ನಾಲಿಗೆ ದಪ್ಪ. ಆ ಸ್ವರ ನನಗೆ ಗೊತ್ತು. ತಲೆಗೆ ಸಕ್ಕರೆ ಹೋಗದಿದ್ದಾಗ ಬರುವ ಸ್ವರ.

"ಯಾರ ಮನೆಯ ಬಾಗಿಲಾದರೂ ತಟ್ಟು ಮಗಾ."

"ಐ ಡಿಡ್. ನೋಬಡಿ. ಆಲ್ ವಿಂಡೋಸ್ ಕ್ಲೋಸ್ಡ್. ಲೈಕ್ ಕರ್ಫ್ಯೂ."

"ಸುತ್ತ ಎಂತ ಉಂಟು? ನೋಡಿ ಹೇಳು."

"ನಥಿಂಗ್." ಉಸಿರು ಮಾತ್ರ ಕೇಳಿಸಿತು. "ಗ್ರೇಪ್ಸ್."

"ದ್ರಾಕ್ಷಿಯಾ? ಹಣ್ಣಾ?"

"ಬ್ಲ್ಯಾಕ್ ಒನ್ಸ್. ಸೋ ಮೆನಿ, ಮಮ್ಮಾ. ಎವ್ರಿವೇರ್."

"ಕಿತ್ತು ತಿನ್ನು! ಈಗಲೇ ತಿನ್ನು!"

"ನಾಟ್ ಅವರ್ಸ್."

"ಮೆಲಿಶಾ!"

"ದೇರ್ ಈಸ್ ಅ ಬೋರ್ಡ್. ಪ್ರೈವೇಟ್. ಡೋಂಟ್ ಟಚ್ ಅದರ್ಸ್ ಥಿಂಗ್ಸ್. ಕೇಸ್ ಹಾಕ್ತಾರೆ. ದೇ ವಿಲ್ ಡಿಪೋರ್ಟ್ ಡ್ಯಾಡಾ. ಖಲಾಸ್." ನನ್ನ ಕೆಜಿ ಮಕ್ಕಳು ಪದ್ಯ ಹೇಳುವ ರಾಗದಲ್ಲಿ ಹೇಳಿದಳು. ಒಂದು ಪದವೂ ತಪ್ಪಲಿಲ್ಲ. ಮಿಕ್ಕಿದ್ದೆಲ್ಲ ಅವಳ ತಲೆಯಿಂದ ಹೋಗಿತ್ತು, ನನ್ನ ಪಾಠ ಮಾತ್ರ ಉಳಿದಿತ್ತು.

ಆಗ ಕಿರುಚಿದ್ದು.

"ಕದ್ದು ತಿನ್ನು! ಮಮ್ಮಾ ಹೇಳ್ತಾ ಇದ್ದೇನೆ, ಕದಿ! ಕದಿ ಮಗಾ, ಕದಿ!"

ಮೇಡಂ ಹಿಂದಿನ ಗೋಡೆಯಲ್ಲಿ ನಾನೇ ಬರೆದ ಚಾರ್ಟ್, ನಮ್ಮದಲ್ಲದ್ದನ್ನು ಮುಟ್ಟುವುದಿಲ್ಲ ಎಂದು, ಸುತ್ತ ಹೂವಿನ ಬಳ್ಳಿ ಸಮೇತ.

ಫೋನ್ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಆ ಕೊನೆಯ ಗಳಿಗೆಯಲ್ಲಿ 2.7.

ಈಗ ಗೆರೆ. ಮತ್ತೆ ಮಾಡಿದರೆ ರೆಕಾರ್ಡಿನ ಹೆಂಗಸೊಬ್ಬಳು ಫ್ರೆಂಚಿನಲ್ಲಿ ಏನೋ ಹೇಳುತ್ತಾಳೆ. ಕ್ಲೆಮೆಂಟ್ ಎತ್ತುತ್ತಿಲ್ಲ. ಓಡುತ್ತಿದ್ದಾನೆ, ಓಡುತ್ತಿರಬೇಕು. ಅವನಿಗೆ ಮೊಣಕಾಲು ನೋವು. ಶೆರಿಲ್ ನೀರು ತಂದಿದ್ದಾಳೆ. ಮೇಡಂ ಏನೋ ಕೇಳಿದರು, ಉತ್ತರ ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಫ್ರಾನ್ಸಿನ ಆಂಬುಲೆನ್ಸಿಗೆ ಇಲ್ಲಿಂದ ಹೇಗೆ ಫೋನ್ ಮಾಡುವುದು ಎಂದು ಶೆರಿಲ್ ಅಕ್ಕನನ್ನು ಕೇಳುತ್ತಿದ್ದಾಳೆ. ಊರು ಯಾವುದು ಎಂದು ಕೇಳುತ್ತಿದ್ದಾರಂತೆ. ನನಗೆ ಊರಿನ ಹೆಸರು ಗೊತ್ತಿಲ್ಲ. ಸಕ್ಕರೆ ಎಷ್ಟಿತ್ತೆಂದು ಗೊತ್ತು, ಎಲ್ಲಿದ್ದಾಳೆಂದು ಗೊತ್ತಿಲ್ಲ.

ಗೆರೆ.

ತಿಂದಳೋ. ಬಿದ್ದಳೋ. ನಂಬರ್ ಬರಲಿ ದೇವರೇ. ಎಷ್ಟಾದರೂ ಸರಿ. ಒಂದು ನಂಬರ್

ಅದೇ ದಿನ, ಸಂಜೆ

ಬದುಕಿದ್ದಾಳೆ.

ಮೊದಲು ಇದನ್ನು ಬರೆದುಬಿಡುತ್ತೇನೆ. ಬದುಕಿದ್ದಾಳೆ, ಚೆನ್ನಾಗಿದ್ದಾಳೆ, ಪಾಸ್ತಾ ತಿನ್ನುತ್ತಿದ್ದಾಳೆ.

ಸ್ಟಾಫ್ ರೂಮಿನ ನೆಲದ ಮೇಲೆ ಕೂತಿದ್ದೆ. ಗೆರೆ ಹೋಗಿ 2.9 ಬಂತು. ನಂಬಲಿಲ್ಲ. 3.4. ಶೆರಿಲ್ ನನ್ನ ಕೈಯಿಂದ ಫೋನ್ ತೆಗೆದು ತಾನೇ ಓದತೊಡಗಿದಳು, ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಾಲ್ಕು ದಾಟಿದಾಗ ಯಾರೋ ಚಪ್ಪಾಳೆ ತಟ್ಟಿದರು. ನಾನು ಎದ್ದು, ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದೆ.

ಮೆಲಿಶಾ ಹೇಳಿದ್ದು ಇಷ್ಟು. ಫೋನ್ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಆಫ್ ಆಯಿತು. ಮಮ್ಮಾ ಬೈದದ್ದು ಕೇಳಿಸಿತು, ಆದರೆ ಮಮ್ಮಾ ಯಾವತ್ತೂ ಹೇಳದ ಮಾತು. ಕನಸೆಂದುಕೊಂಡಳಂತೆ. ಕನಸಿನಲ್ಲಿ ಕದ್ದರೆ ಕೇಸ್ ಇಲ್ಲ ಎಂದು ಸಾಲಿನೊಳಗೆ ಮೊಣಕಾಲೂರಿ ಹೋದಳಂತೆ. ಎರಡೂ ಕೈಯಲ್ಲಿ ಕಿತ್ತು ಸಿಪ್ಪೆ, ಬೀಜ, ಇರುವೆ ಎಲ್ಲ ಸಮೇತ ತಿಂದಳಂತೆ. ತುಂಬ ಸಿಹಿ, ಅಂಗಡಿಯಲ್ಲಿ ಸಿಗುವ ಹಾಗಲ್ಲ, ಚಿಕ್ಕದು, ಸಿಪ್ಪೆ ದಪ್ಪ. ತಲೆ ತಿಳಿಯಾದ ಮೇಲೆ ಫೋನ್ ಹುಡುಕಿ ಆನ್ ಮಾಡಿದಳು. ಯಾರೂ ಬರಲಿಲ್ಲ. ಒಂದು ಕಿಟಕಿಯೂ ತೆರೆಯಲಿಲ್ಲ. ಕ್ಲೆಮೆಂಟ್ ಪಂಕ್ಚರ್ ಸೈಕಲ್ಲನ್ನು ದಾರಿಯಲ್ಲೇ ಬಿಸಾಕಿ ಓಡಿ ಬಂದಾಗ, ಅವಳು ಮಣ್ಣಿನಲ್ಲಿ ಕಾಲು ಚಾಚಿ ಕೂತಿದ್ದಳು. ಬಾಯಿ, ಗಲ್ಲ, ಜೆರ್ಸಿ ಎಲ್ಲ ಕಡುಗೆಂಪು. ಅವನು ಅದನ್ನು ಮೊದಲು ರಕ್ತವೆಂದುಕೊಂಡನಂತೆ. ಹೇಳುವಾಗ ಅತ್ತ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ನಾನು ಕೇಳಿದ್ದು ಕಡಿಮೆ.

ಬರೆದ ಅಕ್ಷರ ನೋಡಿದರೆ ನನ್ನ ಕೆಜಿ ಮಕ್ಕಳ ಅಕ್ಷರದ ಹಾಗಿದೆ.

22 ಸೆಪ್ಟೆಂಬರ್, ಸೋಮವಾರ

ರಜೆ ಹಾಕಿದೆ. ಮೇಡಂ ಏನೂ ಅನ್ನಲಿಲ್ಲ.

ಕ್ಲೆಮೆಂಟಿಗೆ ಹೊಸ ಹೆದರಿಕೆ ಹತ್ತಿದೆ. ಆ ತೋಟದ ಹತ್ತಿರ ಕ್ಯಾಮೆರಾ ಇತ್ತೋ ಏನೋ. ಮುಖ ರೆಕಾರ್ಡ್ ಆಗಿದ್ದರೆ ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ಅದಕ್ಕೆ ಮೊದಲೇ ತಾನಾಗಿ ಪೊಲೀಸಿಗೆ ಹೇಳಿಬಿಡುವುದೆಂದು ಬೆಳಿಗ್ಗೆ ಮಗಳಿಗೂ ಹೇಳದೆ ಸ್ಟೇಷನ್ ಹುಡುಕಿಕೊಂಡು ಹೋಗಿದ್ದನಂತೆ.

"ಎಂತ ಹೇಳಿದರು?"

"ಸ್ಟೇಷನ್ ಬಂದ್ ಜೂಲಿ. ಸೋಮವಾರ ಇಲ್ಲವಂತೆ. ಬಾಗಿಲಲ್ಲಿ ಬರೆದು ಅಂಟಿಸಿದ್ದಾರೆ."

ನನಗೆ ನಗು ಬಂತು. ನಕ್ಕೆ. ನಗುತ್ತ ನಗುತ್ತ ಅಳು ಬಂತು. ಆಮೇಲೆ ಅವನು ನಿಜವಾದ ಮಾತಿಗೆ ಬಂದ. ಸಾಕು, ಇಲ್ಲಿಗೆ ಮುಗಿಸಿ ಪ್ಯಾರಿಸಿಗೆ ಟ್ರೇನ್ ಹತ್ತುವುದು ಅಂತ ಅವನು. ಕಾಓರ್ ಪಟ್ಟಣದವರೆಗೆ ಹೋಗಿಯೇ ಸಿದ್ಧ ಅಂತ ಅವಳು. ದ್ರಾಕ್ಷಿಯ ದಾರಿ ಮುಗಿಯುವುದು ಅಲ್ಲೇ ಅಂತೆ.

"ನೀನು ಹೇಳು. ನೀನು ಹೇಳಿದರೆ ಕೇಳ್ತಾಳೆ."

ಬಾ ಎನ್ನಬೇಕೆಂದು ಬಾಯಿ ತೆರೆದೆ. ಅದೊಂದೇ ನನಗೆ ಬೇಕಾದ್ದು. ಗಾಜಿನ ಈಚೆ ಅವಳನ್ನು ನೋಡಬೇಕು, ತಲೆ ಮುಟ್ಟಬೇಕು. "ನಾಡಿದ್ದು ಹೇಳ್ತೇನೆ" ಎಂದೆ. ಎರಡು ದಿನ ಅಲ್ಲೇ ಇದ್ದು ರೆಸ್ಟ್ ಮಾಡಲಿ. ಅಷ್ಟಕ್ಕೆ ಅವಳೂ ಒಪ್ಪಿದಳು.

24 ಸೆಪ್ಟೆಂಬರ್, ಬುಧವಾರ

ಶಾಲೆಯಿಂದ ಬಂದು ಮೆಲಿಶಾ ಜೊತೆ ಮಾತಾಡಿದೆ. ಕ್ಲೆಮೆಂಟ್ ಮಲಗಿದ್ದ. ಅವಳು ಹೋಟೆಲಿನ ಹಿಂದೆ ನದಿಯ ಹತ್ತಿರ ಕೂತಿದ್ದಳು, ನೀರು ಕೇಳಿಸುತ್ತಿತ್ತು. 6.0.

ನೀನು ವಾಪಸ್ ಬಾ ಎನ್ನಲಿಕ್ಕೇ ಮಾಡಿದ್ದು. ನೂರು ಕಾರಣ ತಯಾರಿತ್ತು.

"ಮಮ್ಮಾ, ಕ್ಯಾನ್ ಐ ಟೆಲ್ ಯು ಸಮ್‌ಥಿಂಗ್? ಡೋಂಟ್ ಕ್ರೈ, ಓಕೆ?"

"ಹೇಳು."

"ಬಾಗಿಲೆಲ್ಲ ತಟ್ಟಿ ಆದ ಮೇಲೆ ಗ್ರೇಪ್ಸ್ ಪಕ್ಕ ಕೂತೆ. ಆವಾಗ ತಲೆ ಸರಿ ಇತ್ತು. ತ್ರೀ ಪಾಯಿಂಟ್ ಸಿಕ್ಸ್. ಐ ಕುಡ್ ಹ್ಯಾವ್ ಈಟನ್ ದೆನ್."

"ಮತ್ತೆ ಯಾಕೆ ತಿನ್ನಲಿಲ್ಲ?"

"ಐ ವಾಸ್ ವೇಟಿಂಗ್ ಫಾರ್ ಯು. ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಮಮ್ಮಾಗೆ ನಂಬರ್ ಕಾಣ್ತದೆ, ಮಮ್ಮಾ ಕಾಲ್ ಮಾಡ್ತಾಳೆ, ಮಮ್ಮಾ ಹೇಳಿದ್ರೆ ತಿಂತೇನೆ ಅಂತ. ಯು ಆಲ್ವೇಸ್ ಕಾಲ್. ಆಮೇಲೆ ತಲೆ ತಿರುಗ್ಲಿಕ್ಕೆ ಶುರುವಾಯ್ತು, ಆಮೇಲೆ ಗೊತ್ತಿಲ್ಲ."

ದೂರಲಿಕ್ಕೆ ಹೇಳಿದ್ದಲ್ಲ. ತನಗೇ ಆಶ್ಚರ್ಯ ಎನ್ನುವ ಹಾಗೆ ಹೇಳಿದಳು.

ನಾನು ಅಳಲಿಲ್ಲ. ಭಾನುವಾರ ಅದೇ ಹೊತ್ತಿಗೆ ಲಾಕರಿನಲ್ಲಿ ಫೋನ್ ಕೂಗುತ್ತಿತ್ತು. ನಾನು ಮೇಡಂ ಯೂನಿಫಾರ್ಮಿನ ವಿಷಯ ಮುಗಿಸಲಿ ಎಂದು ಕಾಯುತ್ತಿದ್ದೆ. ಅವಳು ಹಣ್ಣಿನ ಪಕ್ಕ ಕೂತು ನನ್ನನ್ನು ಕಾಯುತ್ತಿದ್ದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತೆ. ಏನು ಮಾಡಲಿಕ್ಕೆ ಹೋದದ್ದೋ ಮರೆತುಹೋಯಿತು. ಇಷ್ಟು ವರ್ಷ ನಾನು ನೋಡುತ್ತಿರುವುದರಿಂದ ಅವಳು ಉಳಿದಿದ್ದಾಳೆ ಎಂದುಕೊಂಡಿದ್ದೆ. ಮೊನ್ನೆ ನಾನು ನೋಡುತ್ತೇನೆ ಎಂಬ ಧೈರ್ಯದಲ್ಲೇ ಅವಳು ಸಾಯುತ್ತಿದ್ದಳು. ಎರಡೂ ನಿಜವಾದರೆ ನಾನು ಏನು ಮಾಡಬೇಕು? ಯಾರನ್ನು ಕೇಳಲಿ?

25 ಸೆಪ್ಟೆಂಬರ್, ಗುರುವಾರ

ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲೇ ಮಾಡಿದೆ. ಅವಳಿಗೆ ಇನ್ನೂ ನಿದ್ದೆಗಣ್ಣು.

"ಕಾಓರಿಗೆ ಹೋಗು. ಅಪ್ಪನಿಗೆ ನಾನು ಹೇಳ್ತೇನೆ."

"ರಿಯಲಿ?"

"ಜ್ಯೂಸ್ ಇಬ್ಬರ ಬ್ಯಾಗಲ್ಲೂ ಇರಲಿ. ಇನ್ನೊಂದು. ನಾನು ಇವತ್ತಿಂದ ನಿನ್ನ ನಂಬರ್ ನೋಡುವುದಿಲ್ಲ. ಆಪ್ ತೆಗೆಯುತ್ತೇನೆ."

ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ಬಟ್ ಮಮ್ಮಾ..." ಸ್ವರ ಚಿಕ್ಕದಾಗಿತ್ತು, ಹನ್ನೊಂದು ವರ್ಷದ್ದು. "ದೆನ್ ಹೂ ವಿಲ್ ಸೀ?"

"ನೀನು. ನಿನ್ನ ತೋಳು, ನಿನ್ನ ನಂಬರ್. ನಾಲ್ಕಕ್ಕೆ ಬಂದರೆ ಕೈಗೆ ಸಿಕ್ಕಿದ್ದನ್ನು ತಿನ್ನು. ಯಾರದ್ದು ಅಂತ ನೋಡಬೇಡ. ಯಾರನ್ನೂ ಕಾಯಬೇಡ. ನನ್ನನ್ನಂತೂ ಕಾಯಲೇಬೇಡ."

"ಆರ್ ಯು ನಾಟ್ ಸ್ಕೇರ್ಡ್?"

ಸುಳ್ಳು ಹೇಳಬಹುದಿತ್ತು. "ಹೆದರಿಕೆಯಲ್ಲಿ ಸಾಯ್ತಾ ಇದ್ದೇನೆ" ಎಂದೆ. "ನೀನು ಹೋಗು."

ಕ್ಲೆಮೆಂಟ್ ಬೈದ. ಹುಚ್ಚಾ ನಿನಗೆ, ತಾಯಿಯಾ ನೀನು ಎಂದೆಲ್ಲ. ಬೈಯಲಿ.

ಮಧ್ಯಾಹ್ನ

ಶಾಲೆಯಿಂದ ಬಂದು ಆಪ್ ತೆಗೆದೆ. ಬೆಳಿಗ್ಗೆ ಆಗಲಿಲ್ಲ, ಬೆರಳು ಹೋಗಲಿಲ್ಲ. ಬಸ್ಸಿನಲ್ಲೂ ಆಗಲಿಲ್ಲ. ಖಂಡಿತವಾ ಎಂದು ಅದು ಎರಡು ಸಲ ಕೇಳಿತು. ಎರಡು ಸಲವೂ ಹೌದು ಒತ್ತಿದೆ. ಕೊನೆಗೆ ಕಂಡದ್ದು 5.2, ಬಾಣ ಸ್ವಲ್ಪ ಓರೆ, ಕೆಳಗೆ. ಆಮೇಲೆ ಪರದೆಯಲ್ಲಿ ಅವಳ ಹೆಸರೂ ಇಲ್ಲ.

ಫೋನ್ ತಲೆ ಕೆಳಗಾಗಿ ಮೇಜಿನ ಮೇಲಿದೆ. ಕೂಗುವುದಿಲ್ಲ ಎಂದು ಗೊತ್ತಿದ್ದೂ ಕಿವಿ ಅಲ್ಲೇ ಇದೆ. ಅನ್ನಕ್ಕಿಟ್ಟೆ. ಬಟ್ಟೆ ಮಡಚಿದೆ. ಬಿಚ್ಚಿ ಮತ್ತೆ ಮಡಚಿದೆ. ಇಬ್ರಾಹಿಂ ಖಲೀಲ್ ಬೆಲ್ ಮಾಡಿ ಹಾಲು ಕೊಟ್ಟು ಹೋದ, ಬೆಲ್ಲಿನ ಸದ್ದಿಗೆ ಜೀವ ಹೋಗಿ ಬಂತು.

ಈಗ ಅಲ್ಲಿ ಮೂರು ಗಂಟೆ. ಕೊನೆಯ ಗುಡ್ಡ ಹತ್ತುತ್ತಿರಬೇಕು. ಬಿಸಿಲಿರುತ್ತದೆ. ಊಟ ಮಾಡಿದ್ದಾಳೋ ಏನೋ. ಅವಳ ಸಕ್ಕರೆ ಈಗ...